ತೋಟದ ಮನೆಗೆ ಬರುವ ಅತಿಥಿ: ಕಂದಾಯ, ತೆರಿಗೆ ಮತ್ತು ಬೆಳೆಗಾರ



ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳು ನಂದಿಬೆಟ್ಟದ ದಾರಿ ಹಿಡಿಯುವುದು ಹೊಸ ಸಂಗತಿಯಲ್ಲ. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ 112 ಅಡಿ ಎತ್ತರದ ಆದಿಯೋಗಿ ಪ್ರತಿಮೆ ಅನಾವರಣವಾದ ಮೇಲೆ ಚಿಕ್ಕಬಳ್ಳಾಪುರದ ಕಡೆಗೆ ಬರುವವರಿಗೆ ಇನ್ನೊಂದು ಕಾರಣ ಸಿಕ್ಕಿದೆ. ಗೌರಿಬಿದನೂರಿನ ವಿದುರಾಶ್ವತ್ಥ, ಚಿಂತಾಮಣಿಯ ಕೈವಾರ, ಶಿಡ್ಲಘಟ್ಟದ ತಲಕಾಯಲಬೆಟ್ಟಗಳಿಗೂ ಯಾತ್ರಿಕರು ಬರುತ್ತಾರೆ. ಇವರಿಗೆ ಒಂದೆರಡು ರಾತ್ರಿ ತಂಗಲು ತೋಟದ ಮನೆಯನ್ನು ಬಾಡಿಗೆಗೆ ಕೊಡಬಹುದೇ, ಕೊಟ್ಟರೆ ಯಾವ ತೆರಿಗೆ ಬೀಳುತ್ತದೆ ಎಂದು ಸಂಘದ ಕಛೇರಿಯಲ್ಲಿ ವಿಚಾರಿಸುವ ಸದಸ್ಯರು ಹೆಚ್ಚುತ್ತಿದ್ದಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಲ್ಲಿ ಅನೇಕರು ಹೋಂಸ್ಟೇಯಿಂದ ಉಪ ಆದಾಯ ಕಂಡಿದ್ದಾರೆ. ನಮ್ಮವರೂ ಕಾಣಲಿ. ಆದರೆ ಎಲ್ಲರೂ ತೆರಿಗೆಗೆ ಹೆದರುತ್ತಾರೆ. ಹೆದರಬೇಕಾದದ್ದು ಜಮೀನಿನ ವಿಷಯಕ್ಕೆ ಎಂಬುದೇ ನಮ್ಮ ಮಾತಿನ ಸಾರ.

ಮನೆ ಎಲ್ಲಿದೆ?

ಮೊದಲು ನೋಡಬೇಕಾದ್ದು ಇದನ್ನೇ. ಗ್ರಾಮಠಾಣಾದೊಳಗೆ ಇ-ಸ್ವತ್ತು ಖಾತೆ ಇರುವ ಮನೆಯ ಮಾತು ಬೇರೆ, ಸರ್ವೆ ನಂಬರಿನ ತೋಟದ ನಡುವೆ ಕಟ್ಟಿಕೊಂಡ ಮನೆಯ ಮಾತು ಬೇರೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಕಲಮು ರೈತನಿಗೆ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಲು ಅವಕಾಶ ಕೊಟ್ಟಿದೆ. ಆದರೆ ಆ ಮನೆ ಸ್ವಂತ ಉಪಯೋಗಕ್ಕೆ ಮಾತ್ರ. ವಾಣಿಜ್ಯ ಉದ್ದೇಶಕ್ಕೆ ಬಾಡಿಗೆಗೆ ಕೊಡುವಂತಿಲ್ಲ. ಕೊಡಬೇಕೆಂದಿದ್ದರೆ ಅಷ್ಟು ಜಾಗಕ್ಕೆ ಭೂಪರಿವರ್ತನೆ ಮಾಡಿಸಿಕೊಳ್ಳಬೇಕು. ಇಲ್ಲದೆ ನಡೆಸಿದರೆ 96ನೇ ಕಲಮಿನಂತೆ ದಂಡ, ಕಟ್ಟಡ ತೆರವು ಎರಡಕ್ಕೂ ಗುರಿಯಾಗಬಹುದು. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಗೇ ನೋಟೀಸು ಬರುತ್ತದೆ.

ಆದ್ದರಿಂದ ಹಾಸಿಗೆ, ದಿಂಬು, ಸೋಲಾರ್ ಹೀಟರಿಗೆ ಹಣ ಹಾಕುವ ಮೊದಲು ಪಹಣಿ, ಖಾತೆ, ಮನೆಯ ನಕ್ಷೆ ಹಿಡಿದು ತಾಲ್ಲೂಕು ಕಛೇರಿಗೂ ಗ್ರಾಮ ಪಂಚಾಯಿತಿಗೂ ಹೋಗಿಬರುವುದು ಲೇಸು. ಪಂಚಾಯಿತಿಯ ಕಟ್ಟಡ ತೆರಿಗೆಯ ರಸೀತಿಯನ್ನು ಜೋಪಾನ ಮಾಡಿ. ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಭೂಪರಿವರ್ತನೆ ಆದಂತಾಗುವುದಿಲ್ಲ.

ಇಲಾಖೆ, ಠಾಣೆ, ಅಡುಗೆಮನೆ

ಹೋಂಸ್ಟೇಗೆ ಜಿಲ್ಲಾ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು. ಮಾಲೀಕನ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕೆಂಬುದು ಇದರ ಮೂಲ ಷರತ್ತು. ಹೆಸರೇ ಹೇಳುವಂತೆ ಇದು ಮನೆ, ಲಾಡ್ಜ್ ಅಲ್ಲ. ಅತಿಥಿಗಳ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ವರದಿ ಕಳುಹಿಸಬೇಕು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯಿದೆಯಲ್ಲೂ ಈ ಹೊಣೆ ಮುಂದುವರಿದಿದೆ.

ಹಣ ಪಡೆದು ಊಟ ಹಾಕುವುದಾದರೆ 2006ರ ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಣಿ ಬೇಕು. ಅಬಕಾರಿ ಪರವಾನಗಿ ಇಲ್ಲದೆ ಮದ್ಯ ಮಾರುವುದು ಅಪರಾಧ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವುದಕ್ಕೂ 2000ದ ಶಬ್ದಮಾಲಿನ್ಯ ನಿಯಮಗಳ ನಿಷೇಧವಿದೆ. ಇನ್ನೊಂದು ಎಚ್ಚರಿಕೆ: 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಸಿಗುವ ಉಚಿತ ವಿದ್ಯುತ್ತು ನೀರಾವರಿಗೆಂದು ಕೊಟ್ಟದ್ದು. ಆ ತಂತಿಯಿಂದ ಅತಿಥಿಗಳ ಕೊಠಡಿಗೆ ದೀಪ ಎಳೆಯಬಾರದು.

ತೆರಿಗೆಯ ಲೆಕ್ಕ

ಹಿಂದೆ ರಾಜ್ಯದಲ್ಲಿ ವಸತಿಗೃಹಗಳ ಮೇಲೆ 1979ರ ಕಾಯಿದೆಯಂತೆ ಸುಖಭೋಗ ತೆರಿಗೆ ಇತ್ತು. 2017ರ ಜುಲೈ 1ರಿಂದ ಅದು ಜಿ.ಎಸ್‌.ಟಿ.ಯಲ್ಲಿ ಸೇರಿಹೋಯಿತು. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ನೋಂದಣಿಯ ಅಗತ್ಯವಿಲ್ಲ. ಒಂದು ಲೆಕ್ಕ ನೋಡೋಣ. ಎರಡು ಕೊಠಡಿ, ತಲಾ 2,500 ರೂಪಾಯಿ ಬಾಡಿಗೆ, ವಾರಕ್ಕೆ ಎರಡು ರಾತ್ರಿ. ವರ್ಷದ 104 ರಾತ್ರಿಗಳಲ್ಲಿ ಒಂದೂ ಖಾಲಿ ಹೋಗದಿದ್ದರೂ ಬರುವುದು 5,20,000 ರೂಪಾಯಿ. ಬುಕಿಂಗ್ ಜಾಲತಾಣದ ಮೂಲಕ ಅತಿಥಿಗಳು ಬಂದರೆ, ನೋಂದಣಿ ಇಲ್ಲದ ಮಾಲೀಕನ ಪರವಾಗಿ ಆ ಸಂಸ್ಥೆಯೇ ಜಿ.ಎಸ್‌.ಟಿ. ಕಟ್ಟುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ದರ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ತೋಟದ ಮಾರಾಟವೂ ದೊಡ್ಡದಿರುವವರು 20 ಲಕ್ಷದ ಮಿತಿಯನ್ನು ಹೇಗೆ ಎಣಿಸಬೇಕೆಂದು ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಕೊಳ್ಳಲಿ.

ಆದಾಯ ತೆರಿಗೆಯಲ್ಲಿ ನಮ್ಮವರು ಎಡವುವ ಜಾಗವೊಂದಿದೆ. ತೋಟದಲ್ಲಿದೆ ಎಂದ ಮಾತ್ರಕ್ಕೆ ಕೊಠಡಿ ಬಾಡಿಗೆ ಕೃಷಿ ಆದಾಯವಾಗುವುದಿಲ್ಲ. ಕೃಷಿ ಜಮೀನಿನ ಕಟ್ಟಡವನ್ನು ವಾಸಕ್ಕೋ ವ್ಯಾಪಾರಕ್ಕೋ ಬಾಡಿಗೆ ಕೊಟ್ಟು ಬಂದ ಹಣವನ್ನು ಕಾನೂನು ಸ್ಪಷ್ಟವಾಗಿ ಹೊರಗಿಟ್ಟಿದೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ ಲಾಭದಲ್ಲಿ ನೂರಕ್ಕೆ 25, ಹುರಿದು ಪುಡಿ ಮಾಡಿ ಮಾರಿದರೆ 40 ಪಾಲು ವ್ಯಾಪಾರದ್ದೆಂಬ ಲೆಕ್ಕ ಕಾಫಿ ಬೆಳೆಗಾರರಿಗೆ ಪರಿಚಿತವೇ. ಬಾಡಿಗೆಯಲ್ಲಿ ಅಂಥ ಪಾಲಿಲ್ಲ. ಖರ್ಚು ಕಳೆದು ಉಳಿದದ್ದೆಲ್ಲ ಕೃಷಿಯೇತರ ಆದಾಯ. ಅದು ವಿನಾಯಿತಿ ಮಿತಿ ದಾಟಿದರೆ ದರ ನಿಗದಿಗೆ ಕೃಷಿ ಆದಾಯವನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ಹೀಗಾಗಿ ತೋಟಕ್ಕೊಂದು, ಅತಿಥಿಗಳಿಗೊಂದು ಎಂದು ಎರಡು ಪುಸ್ತಕ ಇಡುವುದು ಅತ್ಯಗತ್ಯ.

ಮಧ್ಯವರ್ತಿಯ ಕರಾರು

ಕೊನೆಯದಾಗಿ ನಮಗೆ ಹೆಚ್ಚು ಕಳವಳ ತಂದಿರುವ ವಿಷಯ. ನಗರದಿಂದ ಬಂದವರು ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ, ಛಾಪಾ ಕಾಗದದ ಮೇಲೆ ಹಲವು ವರ್ಷಗಳ ಕರಾರು ಬರೆಸಿಕೊಂಡು, ಮನೆಯನ್ನೂ ಸುತ್ತಲ ತೋಟವನ್ನೂ ವಹಿಸಿಕೊಳ್ಳಲು ಮುಂದಾಗುತ್ತಾರೆ. ಕೂತಲ್ಲಿಗೇ ಹಣ ಬರುವುದೆಂದು ಸಣ್ಣ ಹಿಡುವಳಿದಾರನಿಗೆ ಆಸೆಯಾಗುವುದು ಸಹಜ. ಆದರೆ ಮಾಲೀಕ ಮನೆ ಬಿಟ್ಟ ದಿನವೇ ಅದು ಹೋಂಸ್ಟೇ ಆಗಿ ಉಳಿಯುವುದಿಲ್ಲ. ಅವರು ಈಜುಕೊಳ ಕಟ್ಟಿ, ಶೆಡ್ಡು ಹಾಕಿ, ರಾತ್ರಿ ಪಾರ್ಟಿ ನಡೆಸಿದರೂ ಪಹಣಿಯ ಹೆಸರು ಬದಲಾಗದು. ಲಾಭ ಅವರದು, ನೋಟೀಸು ನಮ್ಮದು ಎಂಬಂತಾಗುತ್ತದೆ.

ಮನೆಯವರೇ ನೋಡಿಕೊಳ್ಳಬಲ್ಲ ಒಂದೆರಡು ಕೊಠಡಿ, ಕಾಗದಪತ್ರ ಸರಿಯಿರುವ ಜಾಗ, ಶುದ್ಧ ಲೆಕ್ಕ, ಇಷ್ಟಿದ್ದರೆ ಅತಿಥಿ ಸತ್ಕಾರ ಅಡಿಕೆಯ ನಡುವಿನ ಮೆಣಸಿನ ಬಳ್ಳಿಯಂತೆ ಉಪಬೆಳೆಯಾದೀತು. ಬಳ್ಳಿಗಾಗಿ ಮರವನ್ನೇ ಕಳೆದುಕೊಳ್ಳುವುದು ಬೇಡ. ಯಾವುದೇ ಕರಾರಿಗೆ ರುಜು ಹಾಕುವ ಮೊದಲು ಸದಸ್ಯರು ಪಹಣಿ ಮತ್ತು ಕರಡು ಪ್ರತಿಯೊಡನೆ ಸಂಘದ ಕಛೇರಿಗೆ ಬಂದು ಸಮಾಲೋಚಿಸಬೇಕೆಂದು ವಿನಂತಿಸುತ್ತೇವೆ.