ಕಡಲ ಬಂಡೆಗಳ ನಡುವೆ ಗಾಳ: ಸೊಗಸು ಮತ್ತು ಎಚ್ಚರ

ಮೃಗಶಿರ ಕಾರ್ತೆ ಬಂದಿತೆಂದರೆ ಹೈದರಾಬಾದು ನಗರದಲ್ಲಿ ಮೀನಿನ ಮಾತೇ ಮಾತು. ಆ ದಿನ ಮೀನು ತಿನ್ನುವುದು ಇಲ್ಲಿನ ಅನೇಕರ ರೂಢಿ. ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದಲ್ಲಿ ಉಬ್ಬಸದ ಉಪಶಮನಕ್ಕೆಂದು ಮದ್ದು ತುಂಬಿದ ಜೀವಂತ ಮರಿಮೀನನ್ನು ನುಂಗುವ ಸಂಪ್ರದಾಯವೂ ಸುಪ್ರಸಿದ್ಧ. ಸುಮಾರು ಅದೇ ಸಮಯಕ್ಕೆ ಕನ್ನಡ ಕರಾವಳಿಯಲ್ಲಿ ಮುಂಗಾರು ಕಾಲಿಡುತ್ತದೆ. ದಡದ ಬಂಡೆಗಳ ಮೇಲೆ ನಿಂತು ಗಾಳ ಹಾಕುವ ಕಾಲ ಮುಗಿಯುತ್ತದೆ. ಬೇಸಿಗೆಯ ರಜೆಯಲ್ಲಿ ಊರಿಗೆ ತೆರಳುವ ಕರಾವಳಿಯ ಕುಟುಂಬಗಳಿಗೆ ಈ ವಿನೋದ ದೊರೆಯುವುದು ಅದಕ್ಕೆ ಮುಂಚಿನ ಕೆಲವೇ ವಾರಗಳಲ್ಲಿ. ನಗರದಲ್ಲಿ ಬೆಳೆದ ಮಕ್ಕಳಿಗೆ ಕಡಲಿನ ಸ್ವಭಾವ ತಿಳಿದಿರುವುದಿಲ್ಲ. ಆದುದರಿಂದ ಅದರ ಸೊಗಸಿನೊಡನೆ ಅಪಾಯವನ್ನೂ ಅರಿತಿರುವುದು ಲೇಸು.

ಸೋಮೇಶ್ವರದ ರುದ್ರಪಾದೆ, 1901ರಲ್ಲಿ ದೀಪಸ್ತಂಭ ಎದ್ದು ನಿಂತ ಕಾಪುವಿನ ಬಂಡೆ ಮೊದಲಾದ ಕಡೆಗಳಲ್ಲಿ ಕಲ್ಲು ನೇರವಾಗಿ ಕಡಲಿಗಿಳಿದಿದೆ. ಇಂತಹ ಕಲ್ಲುಗಳಿಗೆ ಪಚ್ಚಿಲೆ ಚಿಪ್ಪುಗಳು ದಟ್ಟವಾಗಿ ಅಂಟಿಕೊಳ್ಳುತ್ತವೆ. ಉತ್ತರ ಕನ್ನಡದವರು ಇದನ್ನು ನೀಲಿಕಲ್ಲು ಎನ್ನುತ್ತಾರೆ. ಬಿರುಕುಗಳಲ್ಲಿ ಏಡಿ, ಸಿಗಡಿಗಳು ಅಡಗಿರುತ್ತವೆ. ಇವುಗಳನ್ನರಸಿ ಮುರು ಮೀನಿನಂತಹವು ಆಳವಿಲ್ಲದ ನೀರಿಗೂ ಬರುತ್ತವೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಟಾಟಾಗ್ ಎಂಬ ಮೀನು ಹೀಗೆಯೇ ಬಂಡೆಗಳ ನಡುವೆ ವಾಸಿಸಿ, ಚಿಪ್ಪುಗಳನ್ನು ಬಲವಾದ ಹಲ್ಲುಗಳಿಂದ ಪುಡಿಮಾಡಿ ತಿನ್ನುತ್ತದೆ.

ಸಾಧನಗಳು ಸರಳವಾದವು: ಗಟ್ಟಿಯಾದ ನೈಲಾನ್ ದಾರ, ಗಾಳ, ಸೀಸದ ಗುಂಡು, ಸಿಗಡಿ ಅಥವಾ ಏಡಿಯ ತುಂಡು. ಗುಂಡನ್ನು ತೆಳ್ಳಗಿನ ಬೇರೊಂದು ದಾರದಲ್ಲಿ ಕಟ್ಟಿದರೆ, ಅದು ಕಲ್ಲಿನಲ್ಲಿ ಸಿಕ್ಕಿದಾಗ ಗುಂಡು ಮಾತ್ರ ಹೋಗಿ ಗಾಳ ಉಳಿಯುತ್ತದೆ. ಕಚ್ಚಿದ ಮೀನು ಬಿರುಕಿಗೆ ನುಗ್ಗುವ ಮೊದಲೇ ಎಳೆದುಕೊಳ್ಳಬೇಕು. ಒಮ್ಮೆ ಒಳಹೊಕ್ಕರೆ ಅದನ್ನು ಹೊರತೆಗೆಯುವುದು ದುಸ್ಸಾಧ್ಯ.

ಮೊದಲನೆಯ ಅಪಾಯ ನೀರಿನದು. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸಮಯದಲ್ಲಿ ಹೆಚ್ಚು ಎತ್ತರಕ್ಕೇರುತ್ತದೆ. ನಡೆದುಹೋದ ದಾರಿ ಹಿಂದಿರುಗುವಾಗ ನೀರಿನಡಿಯಲ್ಲಿರಬಹುದು. ಒದ್ದೆಯಾಗಿ ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಡಬಾರದು, ಕಡಲಿಗೆ ಬೆನ್ನು ಮಾಡಿ ನಿಲ್ಲಬಾರದು, ಒಬ್ಬರೇ ಹೋಗಬಾರದು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೇ ಕರ್ನಾಟಕದಲ್ಲಿ ನಿಷೇಧವಿರುವಾಗ ಬಂಡೆಯ ಮೇಲೆ ನಿಲ್ಲುವ ಸಾಹಸ ಸಲ್ಲದು.

ಎರಡನೆಯದು ಚಿಪ್ಪಿನದು. 1983ರ ಏಪ್ರಿಲ್‌ನಲ್ಲಿ ಕುಂಬಳೆಯ ಅಳಿವೆಯಿಂದ ತಂದ ಮರುವಾಯಿಯನ್ನು ತಿಂದ ಕೆಲವರು ಅಸ್ವಸ್ಥರಾದರು, ಬಾಲಕನೊಬ್ಬ ಅಸುನೀಗಿದನು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಇದನ್ನು ಪಾರ್ಶ್ವವಾಯುವಿನಂತಹ ಲಕ್ಷಣ ತರುವ ಚಿಪ್ಪುವಿಷವೆಂದು 1984ರಲ್ಲಿ ವರದಿ ಮಾಡಿದರು. ಚಿಪ್ಪುಜೀವಿಗಳು ನೀರನ್ನು ಸೋಸಿ ಸೂಕ್ಷ್ಮ ಪಾಚಿಗಳನ್ನು ತಿನ್ನುತ್ತವೆ. ಕೆಲವು ಪಾಚಿಗಳ ವಿಷ ಅವುಗಳ ಮಾಂಸದಲ್ಲಿ ಸಂಗ್ರಹವಾಗುತ್ತದೆ. ಈ ವಿಷ ಬೇಯಿಸಿದರೂ ನಾಶವಾಗದು. ರುಚಿ, ವಾಸನೆಗಳಿಂದಲೂ ತಿಳಿಯದು. ತುಟಿ, ನಾಲಗೆಗಳಲ್ಲಿ ಜುಮುಗುಡುವಿಕೆ, ಮರಗಟ್ಟುವಿಕೆ ಕಂಡೊಡನೆ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು. ಇದಕ್ಕೆ ಪ್ರತಿವಿಷವಿಲ್ಲ, ಉಸಿರಾಟ ಕುಂದಿದಾಗ ಕೃತಕ ಉಸಿರಾಟವೇ ಪ್ರಾಣರಕ್ಷಕ. ಕಡಲ ನೀರಿನ ಬಣ್ಣ ಬದಲಾಗಿದ್ದಾಗ ಚಿಪ್ಪು ಹೆಕ್ಕಬಾರದು. ಬಣ್ಣ ಬದಲಾಗದಿದ್ದರೂ ಸ್ಥಳೀಯ ಮೀನುಗಾರರನ್ನು ವಿಚಾರಿಸದೆ ತಿನ್ನಬಾರದು.

ಮೂರನೆಯದು ಮುಳ್ಳಿನದು. ಬಂಡೆಗಳ ನಡುವಿನ ಕೆಲವು ಮೀನುಗಳ ಬೆನ್ನುಮುಳ್ಳು ವಿಷಯುಕ್ತವಾದುದು. ಚುಚ್ಚಿದರೆ, ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಇಟ್ಟರೆ ನೋವು ಶಮನವಾಗುತ್ತದೆ. ಬಳಿಕ ವೈದ್ಯರಿಗೆ ತೋರಿಸಿ ಧನುರ್ವಾಯು ನಿರೋಧಕ ಚುಚ್ಚುಮದ್ದಿನ ವಿಷಯ ವಿಚಾರಿಸಬೇಕು.

ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಹಿರಿಯರು ಗಾಳ ಕಟ್ಟುವುದನ್ನು ಕಲಿಸಲಿ. ಅದಕ್ಕೂ ಮೊದಲು ಉಬ್ಬರದ ಹೊತ್ತನ್ನು ಲೆಕ್ಕ ಹಾಕುವುದನ್ನು ಕಲಿಸಲಿ. ಬರಿಗೈಯಲ್ಲಿ ಮನೆಗೆ ಮರಳಿದರೂ ಸುಖವಾಗಿ ಮರಳಿದವನೇ ಜಾಣ ಬೆಸ್ತ.