ಬೆಕ್ಕಿನ ಬಾಣಂತನ

ಆಷಾಢದ ಗಾಳಿ ಮೈಸೂರಿನ ಬೀದಿಗಳಲ್ಲಿ ಜಿಟಿಮಳೆಯನ್ನು ಅಡ್ಡಡ್ಡವಾಗಿ ಎರಚುತ್ತಿದ್ದ ಒಂದು ಸಂಜೆ, ಬೀದಿಯ ಪ್ರಾಣಿಗಳ ಯೋಗಕ್ಷೇಮವನ್ನು ಕೈಯಿಂದ ಖರ್ಚುಮಾಡಿಕೊಂಡು ನೋಡಿಕೊಳ್ಳುವ ತರುಣರ ಗುಂಪಿಗೆ ಸೇರಿದ ಹುಡುಗಿಯೊಬ್ಬಳು, ತರಕಾರಿ ತುಂಬುವ ಪ್ಲಾಸ್ಟಿಕ್ ಕ್ರೇಟೊಂದರ ಬಾಯಿಗೆ ಹಳೆಯ ಪಂಚೆ ಬಿಗಿದು ತಂದು ನಮ್ಮ ಜಗಲಿಯ ಮೇಲೆ ಇಳಿಸಿದಳು. ಒಳಗೆ ಹುಲಿಪಟ್ಟೆಯ ಬಾಣಂತಿ ಬೆಕ್ಕೊಂದು. ಅದರ ಹೊಟ್ಟೆಗೆ ಅಂಟಿಕೊಂಡು, ಹುಟ್ಟಿ ಹತ್ತು ಹನ್ನೆರಡು ದಿನಗಳಾಗಿರಬಹುದಾದ ನಾಲ್ಕು ಮರಿಗಳು. ಯಾರದೋ ಹಳೆಯ ಮನೆ ಕೆಡವುವಾಗ ಸೌದೆಕೊಟ್ಟಿಗೆಯಲ್ಲಿ ಸಿಕ್ಕವಂತೆ. “ಎಂಟೇ ವಾರ ಸಾರ್, ಆಮೇಲೆ ನಾವೇ ಮನೆ ಹುಡುಕ್ತೀವಿ. ತಾಯಿ ಸೀನ್ತಾ ಇದೆ, ಮರಿಗಳ ಕಣ್ಣೂ ಅಂಟಿವೆ. ಶೆಲ್ಟರ್‌ನಲ್ಲಿ ಬಿಟ್ರೆ ಉಳಿಯಲ್ಲ,” ಎಂದಳು. ಹೀಗೆ ಅನ್ಯರ ಮನೆಯಲ್ಲಿ ತಾತ್ಕಾಲಿಕವಾಗಿ ಇರಿಸಿ ಸಾಕುವ ಏರ್ಪಾಟಿಗೆ ಅವರು ಹೇಳುವುದು ‘ಫಾಸ್ಟರ್’ ಎಂದು. ನನ್ನ ಹೆಂಡತಿ ಪಂಚೆಯ ಅಂಚನ್ನು ಸರಿಸಿ ಇಣುಕಿ ನೋಡಿ, “ಬಾಣಂತನ ಅನ್ನಿ,” ಎಂದಳು. ಅವಳ ಪಾರಿಭಾಷಿಕ ಪದವೇ ಹೆಚ್ಚು ಶಾಸ್ತ್ರೀಯವಾದದ್ದೆಂಬುದು ನನ್ನ ಈಗಿನ ಅಭಿಪ್ರಾಯ.

ಬೆಕ್ಕಿನ ನೆಗಡಿ ಎಂದು ನಾವು ಹಗುರವಾಗಿ ಕರೆಯುವ ಈ ವ್ಯಾಧಿಗೆ ಬಹುಮಟ್ಟಿಗೆ ಕಾರಣವಾದವು ಎರಡು ವೈರಾಣುಗಳು: ಬೆಕ್ಕಿನ ಹರ್ಪಿಸ್ ಒಂದು, ಕ್ಯಾಲಿಸಿ ಇನ್ನೊಂದು. ಎರಡೂ ಮನುಷ್ಯರಿಗೆ ತಗುಲತಕ್ಕವಲ್ಲ. ಇವುಗಳಲ್ಲಿ ಹರ್ಪಿಸಿನದು ದಾಯಾದಿಯ ಸ್ವಭಾವ. ಒಮ್ಮೆ ಹೊಕ್ಕ ಮನೆಯನ್ನು ಪೂರ್ತಿಯಾಗಿ ಬಿಟ್ಟುಹೋಗುವುದೆಂಬುದೇ ಇಲ್ಲ. ರೋಗವು ಗುಣವಾದಂತೆ ಕಂಡ ಮೇಲೂ ಅದು ಮುಖದ ನರಗಳ ಬುಡದಲ್ಲಿರುವ ಗಂಟಿನೊಳಗೆ ಅಡಗಿ ಕುಳಿತಿದ್ದು, ಸ್ಥಳಾಂತರ, ಜನಸಂದಣಿ, ಹೆರಿಗೆ, ಮೊಲೆಯೂಡಿಸುವ ಬಳಲಿಕೆ ಮುಂತಾದ ಯಾವುದಾದರೊಂದು ಕ್ಲೇಶ ಒದಗಿದಾಗ, ಸುಮಾರು ಒಂದು ವಾರದ ತರುವಾಯ ಮತ್ತೆ ತಲೆಯೆತ್ತುತ್ತದೆ. ಆದುದರಿಂದ ತಾಯಿಯು ತನಗೆ ಅರಿವಿಲ್ಲದೆಯೇ, ನೆಕ್ಕಿ ಮುದ್ದಿಸುವ ನಾಲಗೆಯಿಂದಲೇ, ಮರಿಗಳಿಗೆ ರೋಗವನ್ನು ದಾಟಿಸುತ್ತದೆ. ನೂರಾರು ಬೆಕ್ಕುಗಳು ಒಂದೇ ಗಾಳಿಯನ್ನು ಉಸಿರಾಡುವ ಆಶ್ರಯಧಾಮವೊಂದರಲ್ಲಿ ಈ ಕ್ಲೇಶವೂ ಸೋಂಕೂ ಒಂದನ್ನೊಂದು ಬೆಳೆಸುವುದರಿಂದಲೇ, ಹಾಲುಗೂಸುಗಳುಳ್ಳ ತಾಯನ್ನು ಯಾರದಾದರೂ ಮನೆಯ ಮೂಲೆಯ ಕೋಣೆಗೆ ಕಳುಹಿಸುವ ಪದ್ಧತಿ ಹುಟ್ಟಿದ್ದು.

ಆದರೆ ಈ ನೆಗಡಿಯಲ್ಲಿ ಮರಿಯನ್ನು ಕೊಲ್ಲುವುದು ಎಷ್ಟೋ ವೇಳೆ ವೈರಾಣುವಲ್ಲ, ಹಸಿವು. ಇದು ಹೇಗೆಂಬುದನ್ನು ಕೊಂಚ ನಿಧಾನವಾಗಿ ನೋಡಬೇಕು. ಬೆಕ್ಕಿನ ಮರಿ ಹುಟ್ಟುವಾಗ ಅದರ ಕಣ್ಣೂ ಮುಚ್ಚಿರುತ್ತದೆ, ಕಿವಿಯೂ ಮುಚ್ಚಿರುತ್ತದೆ. ಅವು ತೆರೆಯುವುದು ಎರಡನೆಯ ವಾರದ ಹೊತ್ತಿಗೆ. ಅಲ್ಲಿಯ ತನಕ ಅದಕ್ಕೆ ಲೋಕವೆಂದರೆ ಬಿಸುಪು, ಸ್ಪರ್ಶ, ವಾಸನೆ, ಈ ಮೂರೇ. ಅಮೆರಿಕೆಯ ಪ್ರಾಣಿವರ್ತನಶಾಸ್ತ್ರಜ್ಞ ಜೇ ರೋಸೆನ್‌ಬ್ಲಾಟ್ ಎಂಬುವನು ದೀರ್ಘಕಾಲ ಪರಿಶೀಲಿಸಿ ತೋರಿಸಿದಂತೆ, ಕುರುಡು ಮರಿಗಳು ತಮ್ಮ ಗೂಡಿನ ಮೂಲೆಯನ್ನು ವಾಸನೆಯಿಂದ ಹುಡುಕಿಕೊಂಡು ಬರುತ್ತವೆ. ಅಷ್ಟೇ ಅಲ್ಲ, ಹುಟ್ಟಿದ ಕೆಲವೇ ದಿನಗಳಲ್ಲಿ ಒಂದೊಂದು ಮರಿಯೂ ತಾಯಿಯ ಮೊಲೆಗಳಲ್ಲಿ ತನ್ನದೇ ಒಂದನ್ನು ಗೊತ್ತುಮಾಡಿಕೊಂಡು ಅದಕ್ಕೇ ಮರಳುತ್ತದೆ. ಈಗ ಮೂಗು ಕಟ್ಟಿತೆನ್ನಿ. ಮರಿಗೆ ಮೊಲೆಯ ದಾರಿ ತಪ್ಪುತ್ತದೆ. ಸಿಕ್ಕರೂ, ಬಾಯಿಂದ ಉಸಿರೆಳೆಯುತ್ತ ಹಾಲೆಳೆಯುವುದು ಸಾಧ್ಯವಾಗದು. ತಾಯಿಯ ಪಾಡೂ ಇದೇ. ಬೆಕ್ಕು ಅನ್ನವನ್ನು ನಾಲಗೆಗಿಂತ ಮೊದಲು ಮೂಗಿನಿಂದ ಉಣ್ಣುವ ಪ್ರಾಣಿ. ವಾಸನೆ ಹತ್ತದ ಆಹಾರದೆದುರು ಅದು ಉಪವಾಸ ಕೂರುತ್ತದೆ. ತಾಯಿ ಉಣ್ಣಲಿಲ್ಲ, ಹಾಲು ಇಂಗಿತು. ಮರಿ ಕುಡಿಯಲಿಲ್ಲ, ಮೈ ತಣ್ಣಗಾಯಿತು. ಒಂದು ಸೀನಿನಿಂದ ಇಷ್ಟು ದೂರ.

ಪಶುವೈದ್ಯರು ನಮಗೆ ಹೇಳಿಕೊಟ್ಟ ಚಿಕಿತ್ಸೆಯ ಬಹುಭಾಗ ಈ ಕಾರಣದಿಂದ ಮೂಗಿನದೇ ಆಗಿತ್ತು. ಬಚ್ಚಲಿನಲ್ಲಿ ಹಂಡೆಯ ಬಿಸಿನೀರನ್ನು ತೋಡಿ ಆವಿ ತುಂಬಿಸಿ, ತಾಯಿಮಕ್ಕಳನ್ನು ದಿನಕ್ಕೆರಡು ಸಲ ಹತ್ತು ನಿಮಿಷ ಅಲ್ಲಿ ಕೂರಿಸುವುದು. ಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಹಕ್ಕಳೆಯನ್ನು ನೆನೆಸಿ ತೆಗೆಯುವುದು. ಮತ್ತು ತಾಯಿಗೆ ಕೊಡುವ ಆಹಾರವನ್ನು ವಾಸನೆ ಏಳುವಂತೆ ಉಗುರುಬೆಚ್ಚಗೆ ಮಾಡಿ ಕೊಡುವುದು. ಈ ಮೂರನೆಯದು ನಮ್ಮ ಮನೆಯಲ್ಲಿ ಧರ್ಮಸಂಕಟವನ್ನು ತಂದಿಟ್ಟಿತು. ಬೆಳ್ಳುಳ್ಳಿಯೇ ಎರಡು ತಲೆಮಾರಿನ ಚರ್ಚೆಯ ಬಳಿಕ ಪ್ರವೇಶ ಪಡೆದ ಅಡಿಗೆಮನೆ ನಮ್ಮದು. “ಅಲ್ಲಾ ರೀ, ನಮ್ಮಜ್ಜಿ ಸಾಕಿದ ಬೆಕ್ಕು ಮೊಸರನ್ನ ತಿಂದೇ ಹದಿನಾಲ್ಕು ವರ್ಷ ಬದುಕಿತ್ತಲ್ಲ?” ಎಂಬ ನನ್ನಾಕೆಯ ಪ್ರಶ್ನೆ ಸುಳ್ಳಲ್ಲ. ಆದರೆ ಆ ಮೊಸರನ್ನದ ಬೆಕ್ಕು ರಾತ್ರಿ ಅಟ್ಟದ ಮೇಲೆ ಏನು ತಿನ್ನುತ್ತಿತ್ತೆಂಬುದನ್ನು ಅಜ್ಜಿ ವಿಚಾರಿಸಿರಲಿಲ್ಲ. ಟಾರಿನ್ ಎಂಬ ಪದಾರ್ಥವೊಂದು ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಅತ್ಯವಶ್ಯಕ. ಅದನ್ನು ಬೇಕಾದಷ್ಟು ತನ್ನ ಮೈಯಲ್ಲಿ ತಾನೇ ತಯಾರಿಸಿಕೊಳ್ಳುವ ಶಕ್ತಿ ಬೆಕ್ಕಿಗಿಲ್ಲ. ದೊರೆಯುವುದು ಮಾಂಸ ಮೀನುಗಳಲ್ಲಿ, ಇಲಿಯಲ್ಲಿ. ಹಾಲಿನ ಸಾರವಾದ ಕೇಸೀನೊಂದನ್ನೇ ಪ್ರೋಟೀನಾಗಿ ಕೊಟ್ಟು ಸಾಕಿದ ಬೆಕ್ಕುಗಳ ಅಕ್ಷಿಪಟಲ ಟಾರಿನ್ನಿನ ಅಭಾವದಿಂದ ನಶಿಸುವುದನ್ನು ಅಮೆರಿಕೆಯ ಸಂಶೋಧಕರು 1975ರಲ್ಲಿ ಪ್ರಕಟಪಡಿಸಿದರು. ಅದೇ ಅಭಾವದಿಂದ ಹೃದಯದ ಸ್ನಾಯುವೂ ಸೋಲುವುದೆಂಬುದು 1987ರಲ್ಲಿ ತಿಳಿದುಬಂತು. ಕದವಿಕ್ಕಿದ ಕೋಣೆಯ ಬಾಣಂತಿಗೆ ಅಟ್ಟದ ಇಲಿ ಎಲ್ಲಿಂದ ಬರಬೇಕು? ಮೊಲೆಯೂಡಿಸುವ ದಿನಗಳಲ್ಲಿ ಅದಕ್ಕೆ ವಾಡಿಕೆಯ ಎರಡು ಮೂರು ಪಟ್ಟು ಆಹಾರವೂ ಬೇಕು. ಕೊನೆಗೆ ಹಿತ್ತಲಿನಲ್ಲಿ ಪ್ರತ್ಯೇಕ ಒಲೆ, ಪ್ರತ್ಯೇಕ ಪಾತ್ರೆ ಎಂಬ ಒಡಂಬಡಿಕೆಯಾಗಿ, ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಮೀನು ಬೇಯಿಸಲು ಕಲಿತೆ.

ಮರಿಗಳಿಗೆ ಹಸುವಿನ ಹಾಲು ಹಿಡಿಸೋಣವೆಂಬ ಯೋಚನೆ ಯಾರಿಗಾದರೂ ಬರತಕ್ಕದ್ದೇ. ತೆನ್ನಾಲಿ ರಾಮಕೃಷ್ಣನು ತನ್ನ ಬೆಕ್ಕಿಗೆ ಕುದಿಹಾಲಿಟ್ಟು ಹಾಲನ್ನೇ ಕಂಡರೆ ಓಡುವಂತೆ ಮಾಡಿದನೆಂಬ ಕಥೆಯನ್ನು ಕೇಳಿ ನಕ್ಕು ಬೆಳೆದ ನಾವು, ಬೆಕ್ಕಿಗೂ ಹಾಲಿಗೂ ಇರುವ ಸಂಬಂಧ ಅನಾದಿಯೆಂದು ನಂಬಿರುತ್ತೇವೆ. ಆದರೆ ಬೆಕ್ಕಿನ ಹಾಲಿನಲ್ಲಿ ಹಸುವಿನ ಹಾಲಿಗಿಂತ ಸುಮಾರು ಇಮ್ಮಡಿ ಪ್ರೋಟೀನು ಇದೆ. ಹಸುವಿನ ಹಾಲಿನಲ್ಲಿ ಮರಿ ಬೆಳೆಯದು, ಬಹಳ ವೇಳೆ ಭೇದಿ ಹತ್ತಿ ಇದ್ದ ನೀರಿನಂಶವೂ ಹೋಗುತ್ತದೆ. ತಾಯಿಯಿಲ್ಲದ ಮರಿಗಾಗಿಯೇ ಸಿದ್ಧಪಡಿಸಿದ ಹಾಲಿನ ಪುಡಿ ಈಗ ಪಟ್ಟಣಗಳ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕುಡಿಸುವಾಗಲೂ ಮಗುವಿನಂತೆ ಅಂಗಾತ ಮಲಗಿಸಲಾಗದು, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ; ತಾಯಿಯ ಹೊಟ್ಟೆಯಡಿ ಅದು ಹೇಗಿರುವುದೋ ಹಾಗೆಯೇ ಬೋರಲಾಗಿರಬೇಕು. ಗಿಣ್ಣುಹಾಲಿಗಂತೂ ಪ್ರತಿನಿಧಿಯೇ ಇಲ್ಲ. ಗರ್ಭದಲ್ಲಿರುವಾಗ ತಾಯಿಯ ರೋಗನಿರೋಧಕ ವಸ್ತುಗಳು ಬೆಕ್ಕಿನ ಮರಿಗೆ ಸೇರುವುದು ಅತ್ಯಲ್ಪ. ಗಿಣ್ಣಿನ ಮೂಲಕ ಬರುವ ಆ ಕಾಣಿಕೆಯನ್ನು ಕರುಳು ಹೀರಿಕೊಳ್ಳುವುದು ಹುಟ್ಟಿದ ಮೊದಲ ದಿನವೊಂದೇ, ಆಮೇಲೆ ಬಾಗಿಲು ಮುಚ್ಚಿತು.

ಇನ್ನು ಬಿಸುಪಿನ ಮಾತು. ಇದರಲ್ಲಿ ನನ್ನ ಅಪರಾಧವೊಂದಿದೆ. ಹಲವು ವರ್ಷಗಳ ಹಿಂದೆ, ಮಳೆಯಲ್ಲಿ ನೆನೆದು ಚರಂಡಿಯ ಅಂಚಿನಲ್ಲಿ ಬಿದ್ದಿದ್ದ ಎರಡು ಮೂರು ದಿನಗಳ ಮರಿಯೊಂದನ್ನು ಮನೆಗೆ ತಂದಿದ್ದೆ. ಅಂಗೈಯಲ್ಲಿ ಅದು ಒದ್ದೆ ಕಲ್ಲಿನಷ್ಟು ತಣ್ಣಗಿತ್ತು. ಪಾಪ, ಹಸಿದಿದೆಯೆಂದು ಬಗೆದು ಮೊಟ್ಟಮೊದಲು ಮಾಡಿದ ಕೆಲಸವೆಂದರೆ, ಬೆಚ್ಚಗಿನ ಹಾಲನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟದ್ದು. ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬಿ ಸತ್ತಿತು. ಮೊದಲ ವಾರದ ಮರಿಯ ಮೈಶಾಖ ಸಹಜವಾಗಿಯೇ 36 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ದೊಡ್ಡ ಬೆಕ್ಕಿನದು 38ರಿಂದ 39. ಚಳಿಯಾದಾಗ ನಡುಗಿ ಶಾಖ ಹುಟ್ಟಿಸಿಕೊಳ್ಳುವ ವಿದ್ಯೆಯೂ ಆ ಎಳೆಯ ಮೈಗೆ ಇನ್ನೂ ಬಂದಿರುವುದಿಲ್ಲ. ಶಾಖವು 35ರ ಕೆಳಗೆ ಜಾರಿತೆಂದರೆ ಕರುಳಿನ ಚಲನೆ ನಿಂತುಹೋಗುತ್ತದೆ. ಆಗ ಹಾಕಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಕೆಡುತ್ತದೆ. ಮೊದಲು ಕಾಯಿಸಬೇಕು, ಅದೂ ಅವಸರವಿಲ್ಲದೆ, ಗಂಟೆ ಎರಡು ಗಂಟೆಯ ಅವಧಿಯಲ್ಲಿ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಗೂಡಿನ ಒಂದೇ ಮಗ್ಗುಲಿಗೆ ಇಟ್ಟು, ಬಿಸಿ ಹೆಚ್ಚಾದರೆ ಮರಿ ತೆವಳಿ ಹೋಗಲು ಆಚೆ ಜಾಗ ಬಿಟ್ಟಿರಬೇಕು. ಹಾಲು ಆಮೇಲೆ. ಅಂದು ಈ ಒಂದು ವಾಕ್ಯ ನನಗೆ ತಿಳಿದಿದ್ದರೆ!

ನಮ್ಮ ಹುಲಿಪಟ್ಟೆ ಬಂದ ಮೂರನೆಯ ದಿನ, ನಾನು ಅಷ್ಟು ಮುತುವರ್ಜಿಯಿಂದ ಹಾಸಿದ್ದ ಪೆಟ್ಟಿಗೆಯನ್ನು ತಿರಸ್ಕರಿಸಿ ಮರಿಗಳನ್ನು ಒಂದೊಂದಾಗಿ ಪುಸ್ತಕದ ಬೀರುವಿನ ಕೆಳಗಿನ ಖಾನೆಗೆ ಸಾಗಿಸಿತು. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆಂಬ ಲೋಕೋಕ್ತಿಗೆ ಕಾರಣವಿದೆ: ಒಂದೆಡೆ ಬಹುದಿನ ಉಳಿದರೆ ವಾಸನೆ ನೆಲೆಯೂರಿ ಶತ್ರುಗಳನ್ನು ಕರೆಯುತ್ತದೆ, ಚಿಗಟಗಳು ಹೆಚ್ಚುತ್ತವೆ. ತಾಯಿ ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಕಚ್ಚಿ ಎತ್ತಿದೊಡನೆ ಮರಿಯು ಹಿಂಗಾಲು ಬಾಲಗಳನ್ನು ಮುದುಡಿ, ಉಸಿರೆತ್ತದೆ, ಹತ್ತಿಯ ಗಂಟಿನಂತೆ ಜೋತುಬೀಳುತ್ತದೆ. ಶ್ರೀವೈಷ್ಣವರು ಮರ್ಕಟಕಿಶೋರ ನ್ಯಾಯ, ಮಾರ್ಜಾಲಕಿಶೋರ ನ್ಯಾಯ ಎಂದು ವಾದಿಸಿದ್ದು ಇದನ್ನೇ ಕಂಡು. ತಾಯನ್ನು ತಾನಾಗಿ ತಬ್ಬುವ ಕೋತಿಮರಿಯ ಭಕ್ತಿ ಒಂದು, ತನ್ನ ಪ್ರಯತ್ನವೇನೂ ಇಲ್ಲದೆ ಒಯ್ಯಿಸಿಕೊಳ್ಳುವ ಬೆಕ್ಕಿನ ಮರಿಯ ಶರಣಾಗತಿ ಇನ್ನೊಂದು; ಈ ಎರಡನೆಯದು ಅವರಲ್ಲಿ ತೆಂಕಲೆ ಪಂಗಡದವರ ಪಕ್ಷ. ಶರೀರಶಾಸ್ತ್ರದ ದೃಷ್ಟಿಯಿಂದ ತೆಂಕಲೆಯವರ ಅವಲೋಕನ ನಿರ್ದುಷ್ಟವಾದದ್ದೆಂದು ನಾನು ಸಾಕ್ಷಿ ಹೇಳಬಲ್ಲೆ. ಬೀರುವನ್ನು ನಾವು ತಾಯಿಗೇ ಬಿಟ್ಟುಕೊಟ್ಟೆವು.

ನಾಲ್ಕನೆಯದೊಂದು ಮಾತ್ರ ನಮ್ಮನ್ನು ನಿದ್ದೆಗೆಡಿಸಿತು. ಬಂದ ದಿನ ಉಳಿದ ಮೂರು ಇನ್ನೂರು ಗ್ರಾಂ ಆಸುಪಾಸಿನಲ್ಲಿದ್ದರೆ ಅದು 140. ಎಡಗಣ್ಣಿನ ರೆಪ್ಪೆ ಅಂಟಿದ್ದು ಒಳಗಿನಿಂದ ಕಡಲೆಕಾಳಿನಷ್ಟು ಉಬ್ಬಿತ್ತು. ವೈದ್ಯರು ಬಿಸಿನೀರಿನ ಹತ್ತಿಯನ್ನು ಬಹಳ ಹೊತ್ತು ಒತ್ತಿಹಿಡಿದು, ಮೂಗಿನ ಕಡೆಯ ಮೂಲೆಯಿಂದ ರೆಪ್ಪೆಗಳನ್ನು ಮೆಲ್ಲನೆ ಬಿಡಿಸಿದಾಗ ಹಳದಿ ಕೀವು ಹೊರಬಂತು. ಮುಚ್ಚಿದ ರೆಪ್ಪೆಯ ಹಿಂದೆ ಕೀವು ನಿಂತರೆ ಕಣ್ಣಿನ ಪಾರದರ್ಶಕ ಪಟಲವನ್ನೇ ತಿಂದುಹಾಕುವುದರಿಂದ, ಕಣ್ಣು ತಾನಾಗಿ ತೆರೆಯಲೆಂದು ಕಾಯುವುದು ತಪ್ಪಂತೆ. ದಿನಕ್ಕೆ ನಾಲ್ಕು ಬಾರಿ ಮುಲಾಮು. ಮಿಕ್ಕ ಕೆಲಸವೆಲ್ಲ ತಕ್ಕಡಿಯದು. ಅಡಿಗೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಹಿತ್ತಾಳೆಯ ಬಟ್ಟಲಿಟ್ಟು, ಪ್ರತಿದಿನ ಬೆಳಿಗ್ಗೆ ಕಾಫಿಗೆ ಮುಂಚೆ ನಾಲ್ವರನ್ನೂ ತೂಗಿ ಪಂಚಾಂಗದ ಅಂಚಿನಲ್ಲಿ ಬರೆಯುತ್ತಿದ್ದೆವು. ಸುಮಾರು ನೂರು ಗ್ರಾಂ ತೂಗುತ್ತ ಹುಟ್ಟುವ ಆರೋಗ್ಯವಂತ ಮರಿ ದಿನವೊಂದಕ್ಕೆ ಹತ್ತರಿಂದ ಹದಿನೈದು ಗ್ರಾಂ ಏರಬೇಕು. ಮರಿ ತನ್ನ ಖಾಯಿಲೆಯನ್ನು ಮನುಷ್ಯರಿಗಿಂತ ಮೊದಲು ತಕ್ಕಡಿಗೆ ಹೇಳುತ್ತದೆ: ಇನ್ನೂ ಆಡಿಕೊಂಡು ಅರಚಿಕೊಂಡು ಇರುವಾಗಲೇ ಅಂಕಿ ನಿಂತುಬಿಡುತ್ತದೆ. ನಾಲ್ಕನೆಯದರದು ಎರಡು ದಿನ 140, ಮೂರನೆಯ ದಿನ 137. ಅಂದಿನಿಂದ ಅದಕ್ಕೆ ಎರಡೆರಡು ಗಂಟೆಗೊಮ್ಮೆ ಸಿರಿಂಜಿನ ಹಾಲು. ಜೊತೆಗೆ, ಮೂಗುಕಟ್ಟಿದ ತಾಯಿ ನೆಕ್ಕುವುದನ್ನು ಮರೆತಿದ್ದರಿಂದ, ಒದ್ದೆ ಹತ್ತಿಯಿಂದ ಹಿಂಭಾಗವನ್ನು ಸವರಿ ಉಚ್ಚೆ ಮಾಡಿಸುವ ಕಾಯಕ. ಮೂರು ವಾರ ತುಂಬುವ ತನಕ ಮರಿಗೆ ಆ ಪ್ರಚೋದನೆ ಇಲ್ಲದೆ ಮಲಮೂತ್ರ ವಿಸರ್ಜನೆ ಆಗದು. ಆರನೆಯ ದಿನ ತಾಯಿ ಮೀನಿನ ಬಟ್ಟಲನ್ನು ನೆಕ್ಕಿ ಖಾಲಿಮಾಡಿತು. ಅದರ ಮರುದಿನ ನಾಲ್ಕನೆಯದು 149 ತೂಗಿತು. ಸಿರಿಂಜಿಗೆ ಈ ಕೀರ್ತಿಯಲ್ಲಿ ಸಲ್ಲುವ ಪಾಲು ಸಣ್ಣದೆಂದೇ ನನ್ನ ನಂಬಿಕೆ.

ನಡುವೆ ಹಿತೈಷಿಗಳೂ ಬಂದರು. “ಜ್ವರಕ್ಕೆ ಕಾಲು ಪ್ಯಾರಾಸಿಟಮಾಲ್ ಅರೆದು ಹಾಕಿ ಸ್ವಾಮಿ,” ಎಂದರು ಎದುರುಮನೆಯ ಹಿರಿಯರು. ಇದು ವಿಷ. ಇಂಥ ಔಷಧಗಳನ್ನು ಕರಗಿಸಿ ಹೊರಹಾಕಲು ಮನುಷ್ಯರ ಪಿತ್ತಜನಕಾಂಗದಲ್ಲಿರುವ ಕಿಣ್ವ ಬೆಕ್ಕಿನಲ್ಲಿ ಕೆಲಸಮಾಡದು. ರಕ್ತವು ಆಮ್ಲಜನಕವನ್ನು ಒಯ್ಯಲಾರದೆ ಕಂದುಬಣ್ಣಕ್ಕೆ ತಿರುಗುತ್ತದೆ, ದೊಡ್ಡ ಬೆಕ್ಕೂ ಒಂದು ಮಾತ್ರೆಗೆ ಸಾಯಬಹುದು. ನೆಲ ಒರೆಸುವ ಫಿನಾಯಿಲೂ, ನಾಯಿಗೆಂದು ಮಾರುವ ಪರ್ಮೆತ್ರಿನ್ನಿನ ಚಿಗಟದ ಔಷಧವೂ ಇದೇ ಪಂಗಡಕ್ಕೆ ಸೇರಿದವು. ಎಳೆಮರಿಗಳ ಚಿಗಟವನ್ನು ನಾವು ಸೀರಣಿಗೆಯಿಂದ ಬಾಚಿಯೇ ತೆಗೆದೆವು; ನಾನೂರು ಗ್ರಾಮಿನ ಮರಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿ ಐದು ಟೀ ಚಮಚದಷ್ಟು, ಅದರಲ್ಲಿ ಚಿಗಟಕ್ಕೆ ಪಾಲು ಕೊಡಲಾಗದು. ಜಂತುಹುಳುವಿನ ಮರಿಗಳು ತಾಯಿಯ ಹಾಲಿನೊಡನೆಯೇ ಇಳಿದುಬರುವುದರಿಂದ ಮೂರನೆಯ ವಾರ ತಾಯಿಗೂ ಮಕ್ಕಳಿಗೂ ಒಟ್ಟಿಗೆ ಔಷಧ ಬಿತ್ತು.

ಎಂಟು ವಾರಗಳು ಕಳೆದು, ಮೊದಲ ಲಸಿಕೆ ಹಾಕಿಸಿಕೊಂಡು, ಮೂರು ಮರಿಗಳು ಎರಡು ಮನೆ ಸೇರಿದವು. ನಾಲ್ಕನೆಯದು 620 ಗ್ರಾಂ ತೂಗುತ್ತದೆ. ಎಡಗಣ್ಣಿನ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿಯ ಮಚ್ಚೆ ಉಳಿದಿದೆ. ಹಾಲೂಡುತ್ತಿರುವಾಗಲೇ ಮತ್ತೆ ಗರ್ಭ ನಿಲ್ಲುವುದು ಬೆಕ್ಕಿನಲ್ಲಿ ಸಾಮಾನ್ಯವಾದುದರಿಂದ ಅಷ್ಟು ದಿನವೂ ಕದವಿಕ್ಕಿಯೇ ಇದ್ದ ತಾಯಿಗೆ, ಹಾಲು ಬತ್ತಿದ ಮೇಲೆ ಸಂತಾನಹರಣದ ಶಸ್ತ್ರಚಿಕಿತ್ಸೆಯಾಯಿತು.

ಓದುಗರಲ್ಲಿ ಒಂದು ಬಿನ್ನಹ. ಬೇಲಿಯ ಮರೆಯಲ್ಲೋ ಗ್ಯಾರೇಜಿನ ಮೂಲೆಯಲ್ಲೋ ಒಂಟಿ ಮರಿಗಳು ಕಂಡವೆಂದು ಒಡನೆ ಎತ್ತಿಕೊಂಡು ಬರಬೇಡಿ. ಅವು ಬೆಚ್ಚಗಿದ್ದು ನೆಮ್ಮದಿಯಾಗಿ ಮಲಗಿದ್ದರೆ, ತಾಯಿ ಬೇಟೆಗೆ ಹೋಗಿರುವ ಸಂಭವವೇ ಹೆಚ್ಚು. ದೂರದಲ್ಲಿ ನಿಂತು ಕೆಲವು ಗಂಟೆ ಕಾಯಿರಿ. ತಣ್ಣಗಾಗಿದ್ದರೆ ಮಾತ್ರ ಎತ್ತಿಕೊಂಡು ಮೊದಲು ಬೆಚ್ಚಗೆ ಮಾಡಿರಿ. ತರಲೇಬೇಕಾಗಿ ಬಂದರೆ, ತಾಯನ್ನೂ ಹುಡುಕಿ ಜೊತೆಯಲ್ಲಿಯೇ ತನ್ನಿರಿ.