ಮಗುವಿನ ಆರೈಕೆ: ಹುಟ್ಟುಗುಣವೋ, ರೂಢಿಯೋ

ಮಗುವನ್ನು ಸಾಕುವ ಜಾಣ್ಮೆ ಹೆಣ್ಣಿಗೆ ಹುಟ್ಟಿನಿಂದಲೇ ಬಂದದ್ದು, ಗಂಡಸಿಗೆ ಅದು ಒಗ್ಗುವುದಿಲ್ಲ ಎಂಬುದು ಶಿಶುಪಾಲನೆಯ ಬಗ್ಗೆ ಇರುವ ನಂಬಿಕೆಗಳಲ್ಲೆಲ್ಲ ಆಳವಾಗಿ ಬೇರುಬಿಟ್ಟದ್ದು. ಇದರಲ್ಲಿ ಒಂದು ಪಾಲು ನಿಜವಿದೆ: ಬಸಿರು, ಹೆರಿಗೆ, ಮೊಲೆಯೂಡಿಕೆ ತಾಯಿಯ ದೇಹಕ್ಕೇ ಸೇರಿದವು. ಆದರೆ ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದಕ್ಕಾಗಲಿ, ಒದ್ದೆ ಬಟ್ಟೆ ಬದಲಿಸುವುದಕ್ಕಾಗಲಿ, ನಡುರಾತ್ರಿ ಎದ್ದು ತೊಟ್ಟಿಲು ತೂಗುವುದಕ್ಕಾಗಲಿ ಹೆಣ್ಣಿನ ದೇಹವೇ ಬೇಕೆಂದಿಲ್ಲ. ಗಂಡಸಿನ ದೇಹವೂ ಈ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ಫಿಲಿಪ್ಪೀನ್ಸ್‌ನ ಸೆಬು ಪ್ರದೇಶದ ಯುವಕರನ್ನು ಕೆಲವು ವರ್ಷ ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂದೆಯಾದವರ ಟೆಸ್ಟೋಸ್ಟಿರಾನ್, ಅಂದರೆ ಗಂಡಸಿನ ಲೈಂಗಿಕತೆ ಮತ್ತು ಪೈಪೋಟಿಯ ಸ್ವಭಾವದೊಡನೆ ನಂಟಿರುವ ಹಾರ್ಮೋನು, ಗಣನೀಯವಾಗಿ ಇಳಿದಿತ್ತು. ದಿನಕ್ಕೆ 3 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಮಗುವಿನ ಆರೈಕೆ ಮಾಡುತ್ತಿದ್ದವರಲ್ಲಿ ಅದರ ಮಟ್ಟ ಇನ್ನೂ ಕಡಿಮೆಯಿತ್ತು.

ಹೀಗಿದ್ದರೂ ಮಗು ಅಪ್ಪನ ಕೈಗೆ ಬಂದೊಡನೆ ಅಳುತ್ತದೆ, ಅಮ್ಮನ ಕೈಗೆ ಹೋದೊಡನೆ ಸುಮ್ಮನಾಗುತ್ತದೆ ಎಂಬುದು ಎಷ್ಟೋ ಮನೆಗಳಲ್ಲಿ ಕಂಡದ್ದೇ. ಕಂಡದ್ದು ಸರಿ, ಅದಕ್ಕೆ ಕೊಡುವ ಕಾರಣ ತಪ್ಪು. ಕನ್ನಡ ನಾಡಿನ ಅನೇಕ ಕುಟುಂಬಗಳಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಾಗಿ, ಬಾಣಂತಿ ಮೂರೋ ಐದೋ ತಿಂಗಳು ಅಲ್ಲೇ ಉಳಿಯುತ್ತಾಳೆ; ಅಳಿಯ ಹದಿನೈದು ದಿನಕ್ಕೊಮ್ಮೆ ನೆಂಟನಂತೆ ಬಂದು, ಮಿಂದು ಕಾಡಿಗೆ ಬೊಟ್ಟಿಟ್ಟುಕೊಂಡ ಮಗುವನ್ನು ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಾನೆ. ಅದೇ ಅವಧಿಯಲ್ಲಿ ತವರಿನ ಬಚ್ಚಲಿನಲ್ಲಿ ಹೊಸ ತಾಯಿಗೆ ತರಬೇತಿ ನಡೆದಿರುತ್ತದೆ. ಕಾಲು ಚಾಚಿ ಕೂತ ಅಜ್ಜಿ ಮಗುವನ್ನು ಕಾಲುಗಳ ಮೇಲೆ ಬೋರಲು ಮಲಗಿಸಿ ನೀರೆರೆಯುವಾಗ, ಕತ್ತಿಗೆ ಕೈ ಎಲ್ಲಿ ಆನಿಸಬೇಕು, ನೀರು ಎಷ್ಟು ಬಿಸಿಯಿರಬೇಕು, ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು ಎಂಬುದನ್ನೆಲ್ಲ ಅವಳು ನೋಡಿ, ತಪ್ಪಿ, ಬೈಸಿಕೊಂಡು ಕಲಿಯುತ್ತಾಳೆ. ಮೊದಲ ದಿನ ಅವಳ ಕೈಯೂ ನಡುಗಿರುತ್ತದೆ, ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಗಂಡನ ಮನೆಗೆ ಮರಳುವ ಹೊತ್ತಿಗೆ ಒಬ್ಬಳಿಗೆ ನೂರೈವತ್ತು ದಿನಗಳ ಅಭ್ಯಾಸವೂ ಇನ್ನೊಬ್ಬನಿಗೆ ಹತ್ತು ಭೇಟಿಗಳ ಪರಿಚಯವೂ ಇರುವಾಗ, ಇಬ್ಬರ ನಡುವಣ ಅಂತರಕ್ಕೆ ಪ್ರಕೃತಿಯನ್ನು ಹೊಣೆ ಮಾಡುವುದು, ಸೈಕಲ್ಲನ್ನೇ ಹತ್ತದವನನ್ನು ಹುಟ್ಟಾ ಸಮತೋಲನವಿಲ್ಲದವನು ಎಂದಂತೆ. ಹೆತ್ತವಳ ವಿಶ್ರಾಂತಿಗೆಂದು ಇರುವ ಬಾಣಂತನವನ್ನು ಇದಕ್ಕಾಗಿ ಹಳಿಯಬೇಕಿಲ್ಲ. ಬಚ್ಚಲ ಬಾಗಿಲು ಅಳಿಯನಿಗೆ ಮುಚ್ಚಿರಬೇಕೆಂದು ಬಾಣಂತನದ ಯಾವ ಪಥ್ಯವೂ ಹೇಳುವುದಿಲ್ಲ.

ಈಗಿನ ಗಂಡಂದಿರು ಹೆಂಡತಿಗೆ ಸಾಕಷ್ಟು ಸಹಾಯ ಮಾಡುತ್ತಾರೆ ಎಂಬುದು ಎರಡನೆಯ ನಂಬಿಕೆ. ಜನರು ದಿನದ 24 ಗಂಟೆಯನ್ನು ಯಾವ ಯಾವ ಕೆಲಸಕ್ಕೆ ಕಳೆಯುತ್ತಾರೆಂದು ಲೆಕ್ಕ ಹಾಕುವ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ 2024ರ ಸುತ್ತಿನ ಪ್ರಕಾರ, 15ರಿಂದ 59 ವರ್ಷದ ಮಹಿಳೆಯರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದು, ಅದಕ್ಕೆ ದಿನಕ್ಕೆ ಸುಮಾರು 140 ನಿಮಿಷ ಕಳೆಯುತ್ತಿದ್ದರು. ಅದೇ ವಯಸ್ಸಿನ ಗಂಡಸರಲ್ಲಿ ತೊಡಗಿದ್ದವರು ಶೇ. 21.4, ಕಳೆದದ್ದು 74 ನಿಮಿಷ. ಇಷ್ಟಾಗಿಯೂ ನಿಮಿಷಗಳ ಲೆಕ್ಕಕ್ಕೆ ಸಿಗದ ಕೆಲಸವೊಂದಿದೆ, ಅದು ನೆನಪಿಟ್ಟುಕೊಳ್ಳುವುದು. ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರದ ಚುಚ್ಚುಮದ್ದು, ಒಂಬತ್ತನೆಯ ತಿಂಗಳು ತುಂಬಿದ ಮೇಲೆ ದಡಾರದ್ದು, ಹಿಂದಿನ ಸಲ ಜ್ವರ ಬಂದಾಗ ಕೊಟ್ಟ ಔಷಧಿಯ ಅಳತೆ, ಇವೆಲ್ಲ ಒಬ್ಬಳ ತಲೆಯಲ್ಲೇ ಇರುತ್ತವೆ. ಅವಳು ಹೇಳಿದ ದಿನ ಆಸ್ಪತ್ರೆಗೆ ಗಾಡಿ ಓಡಿಸುವವನು ಸಹಾಯಕ. ದಿನ ಯಾವುದೆಂದು ತಾನೇ ತಿಳಿದಿರುವವನು ಹೊಣೆಗಾರ. ಕರ್ನಾಟಕದಲ್ಲಿ ಬಸಿರಿನ ತಪಾಸಣೆಯಿಂದ ಮಗುವಿನ ಲಸಿಕೆಯವರೆಗೆ ದಾಖಲಾಗುವ ಪುಸ್ತಿಕೆಯ ಹೆಸರೇ ತಾಯಿ ಕಾರ್ಡ್. ಹೆಸರಿಟ್ಟವರ ಉದ್ದೇಶ ಒಳ್ಳೆಯದೇ ಇದ್ದೀತು, ಆದರೆ ಅದನ್ನು ತೆರೆದು ನೋಡುವ ಕೆಲಸ ಯಾರದೆಂದು ಆ ಹೆಸರೇ ತೀರ್ಮಾನಿಸಿಬಿಟ್ಟಿದೆ.

ರಜೆ ಕೊಟ್ಟರೂ ಗಂಡಸರು ಮಗುವಿಗಾಗಿ ಮನೆಯಲ್ಲಿ ಕೂರುವುದಿಲ್ಲ ಎಂಬ ಮಾತಿಗೆ ನಾರ್ವೆಯ ಅನುಭವ ಉತ್ತರವಾಗಿದೆ. ತಂದೆತಾಯಿ ಹಂಚಿಕೊಳ್ಳಬಹುದಾದ ರಜೆ ಅಲ್ಲಿ ಮೊದಲೇ ಇತ್ತು, ತಂದೆಯರು ಅದನ್ನು ಮುಟ್ಟುತ್ತಿದ್ದದ್ದು ತೀರ ಅಪರೂಪ. 1993ರಲ್ಲಿ 4 ವಾರಗಳನ್ನು ತಂದೆಗೇ ಮೀಸಲಿಟ್ಟು, ಅವನು ಬಳಸದಿದ್ದರೆ ಅದು ಕುಟುಂಬಕ್ಕೆ ನಷ್ಟ ಎಂದು ಮಾಡಿದ ಮೇಲೆ, ಕೆಲವೇ ವರ್ಷಗಳಲ್ಲಿ ಅರ್ಹ ತಂದೆಯರಲ್ಲಿ ಬಹುಪಾಲು ಮಂದಿ ಅದನ್ನು ಪಡೆಯತೊಡಗಿದರು. ಭಾರತದಲ್ಲಿ ಕೇಂದ್ರ ಸರ್ಕಾರಿ ನೌಕರನಿಗೆ 15 ದಿನಗಳ ಪಿತೃತ್ವ ರಜೆ ಇದೆ. ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದ 2017ರ ಕಾನೂನು ತಿದ್ದುಪಡಿಯಲ್ಲಿ ತಂದೆಗೆ ಒಂದು ದಿನವೂ ಸಿಗಲಿಲ್ಲ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುವಿಹಾರ ಇರಬೇಕೆಂದು ಅದೇ ತಿದ್ದುಪಡಿ ವಿಧಿಸಿತು, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿ ಬರಲು ಅವಕಾಶವನ್ನೂ ಕೊಟ್ಟಿತು, ಆದರೆ ಹಾಗೆ ಹೋಗಿಬರುವವರು ಮಹಿಳಾ ನೌಕರರು ಎಂದೇ ಬರೆಯಿತು.